ಹಾಜರಿ ಪುಸ್ತಕದ ಎಲ್ಲ ಹೆಸರುಗಳು

ದೀಪಾವಳಿ ಮುಗಿದು ಹಿಂಗಾರಿ ಬಿತ್ತನೆಯ ಗಡಿಬಿಡಿ ಇಳಿಯಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹೈಸ್ಕೂಲುಗಳ ಗೇಟು ರವಿವಾರವೂ ತೆರೆದಿರುತ್ತದೆ. ಕಂಬಕ್ಕೆ ಬಾಳೆಗಿಡ, ಬಾಗಿಲಿಗೆ ಮಾವಿನ ತೋರಣ, ರಸ್ತೆಗೆ ಅಡ್ಡಲಾಗಿ ಕಟ್ಟಿದ ಬ್ಯಾನರಿನಲ್ಲಿ ‘ಗುರುವಂದನೆ ಹಾಗೂ ಸ್ನೇಹ ಸಮ್ಮಿಲನ’, ಅದರ ಕೆಳಗೆ ಬ್ಯಾಚಿನ ಇಸವಿ. ನಿವೃತ್ತ ಗುರುಗಳನ್ನು ಸಿಂಗರಿಸಿದ ಟ್ರ್ಯಾಕ್ಟರಿನಲ್ಲಿ ಕೂಡ್ರಿಸಿ ಊರ ಅಗಸಿಯಿಂದ ಮೆರವಣಿಗೆಯಲ್ಲಿ ಕರೆತರುತ್ತಾರೆ. ಮುಂದೆ ಡೊಳ್ಳು, ಝಾಂಜ್ ಮೇಳ, ಆರತಿ ಹಿಡಿದ ಹೆಣ್ಣುಮಕ್ಕಳು. ಶಾಲೆಯ ಬಾಗಿಲಿನ ಎರಡೂ ಬದಿಗೆ ಸಾಲಾಗಿ ನಿಂತ ನಲವತ್ತು-ಐವತ್ತರ ಪ್ರಾಯದ ಹಳೆಯ ವಿದ್ಯಾರ್ಥಿಗಳು ಗುರುಗಳ ಮೇಲೆ ಹೂವಿನ ಪಕಳೆ ಎರಚುತ್ತಾರೆ. ಆಮೇಲೆ ಪಾದಪೂಜೆ, ಶಾಲು, ಹಾರ, ಭಾಷಣ. ಮಧ್ಯಾಹ್ನಕ್ಕೆ ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ರೊಟ್ಟಿ, ಅನ್ನ, ಸಾರು. ಹೋಗುವಾಗ ಶಾಲೆಗೊಂದು ಕಾಣಿಕೆ: ಕುಡಿಯುವ ನೀರಿನ ಯಂತ್ರ, ಪ್ರೊಜೆಕ್ಟರ್, ಇಲ್ಲವೇ ವರ್ಗಕೋಣೆಗಳಿಗೆ ಸುಣ್ಣ-ಬಣ್ಣ.

ಮೊಬೈಲಿನಲ್ಲಿ ಗ್ರೂಪು ಕಟ್ಟುವುದು ಸುಲಭವಾದ ಮೇಲೆ ಬೆಳೆದು ನಿಂತ ರೂಢಿ ಇದು. ಮದುವೆಯಷ್ಟೇ ಸಡಗರದಿಂದ ಮಾಡುತ್ತಾರೆ, ಕೆಲವೊಮ್ಮೆ ಮದುವೆಯಷ್ಟೇ ಖರ್ಚೂ ಮಾಡುತ್ತಾರೆ. ದುಂದು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಎಂಬತ್ತು ದಾಟಿದ ಮಾಸ್ತರರೊಬ್ಬರು ಕೋಲೂರಿಕೊಂಡು ತಾವು ಮೂವತ್ತು ವರ್ಷ ನಿಂತು ಕಲಿಸಿದ ಹಲಗೆಯ ಮುಂದೆ ಮತ್ತೊಮ್ಮೆ ನಿಂತಾಗ ಅವರ ಮುಖ ನೋಡಬೇಕು. ಅದಕ್ಕಾಗಿ ಎಷ್ಟು ಖರ್ಚಾದರೂ ಆಗಲಿ.

ಈ ನೆಲದಲ್ಲಿ ಮಾಸ್ತರರಿಗೆ ಇಂಥ ಮರ್ಯಾದೆ ಸುಮ್ಮನೆ ಬಂದದ್ದಲ್ಲ. ಸವದತ್ತಿ ತಾಲ್ಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯಿ (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದೇ ಬರೆದಿಟ್ಟರು. ಅವರ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಓದಿದವರು ತಲೆಮಾರುಗಟ್ಟಲೆ ಇದ್ದಾರೆ. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕೆಎಲ್ಇ ಶಿಕ್ಷಣ ಸಂಸ್ಥೆ ಹುಟ್ಟಿದ್ದೂ ಏಳು ಜನ ತರುಣ ಶಿಕ್ಷಕರ ಹಟದಿಂದ. ಜನ ಅವರನ್ನು ಸಪ್ತರ್ಷಿಗಳು ಎಂದೇ ಕರೆದರು. ಆಗ ಬೈಲಹೊಂಗಲ, ಸವದತ್ತಿ ಮುಂಬೈ ಪ್ರಾಂತಕ್ಕೆ ಸೇರಿದ್ದವು. ರಾಮದುರ್ಗ 1948ರವರೆಗೆ ಬೇರೆಯದೇ ಸಂಸ್ಥಾನ. ಮುಲ್ಕಿ ಪರೀಕ್ಷೆ ಪಾಸಾದವರು ಊರಿಗೇ ದೊಡ್ಡವರೆನಿಸಿಕೊಳ್ಳುತ್ತಿದ್ದರು, ಹೆಚ್ಚಿನವರು ಮಾಸ್ತರಿಕೆಗೇ ಹೋಗುತ್ತಿದ್ದರು. ನಮ್ಮ ಅಜ್ಜನ ಕಾಲದವರಿಗೆ ಮುಲ್ಕಿ, ಅಪ್ಪನ ಕಾಲಕ್ಕೆ ಮೆಟ್ರಿಕ್, ನಮಗೆ ಎಸ್ಸೆಸ್ಸೆಲ್ಸಿ. ಪರೀಕ್ಷೆಯ ಹೆಸರು ಬದಲಾಯಿತು. ಅದನ್ನು ದಾಟಿದವರು ಒಂದು ದಡ, ದಾಟದವರು ಇನ್ನೊಂದು ದಡ ಎನ್ನುವುದು ಬದಲಾಗಲಿಲ್ಲ. ಈ ಲೇಖನ ಬರೆಯುತ್ತಿರುವುದು ಆ ಇನ್ನೊಂದು ದಡದವರ ಸಲುವಾಗಿ.

ನಾನು ಓದಿದ್ದು ಬೈಲಹೊಂಗಲದಲ್ಲಿ, ಎಂಬತ್ತರ ದಶಕದ ಕೊನೆಯಲ್ಲಿ. ಮುಂಜಾನೆ ಪ್ರಾರ್ಥನೆ ಮುಗಿದು ಹಾಜರಿ ಕರೆಯುವಾಗ ಊರಿಗೆ ಊರೇ ಆ ಪುಸ್ತಕದೊಳಗಿಂದ ಎದ್ದು ಬರುತ್ತಿತ್ತು. ಅಂಗಡಿ, ಉಳ್ಳಾಗಡ್ಡಿ, ಕಮ್ಮಾರ, ಕುಂಬಾರ, ಕುಲಕರ್ಣಿ, ತಳವಾರ, ದೇಶಪಾಂಡೆ, ನದಾಫ, ಪಾಟೀಲ, ಬಡಿಗೇರ, ಮಾದರ, ಮುಲ್ಲಾ, ಮೆಣಸಿನಕಾಯಿ, ಹಿರೇಮಠ, ಹೂಗಾರ. ಅಡ್ಡಹೆಸರು ಕೇಳಿದರೆ ಮನೆಯ ಕಸುಬು ಗೊತ್ತಾಗುತ್ತಿತ್ತು, ಓಣಿ ಗೊತ್ತಾಗುತ್ತಿತ್ತು. ಬೆಳವಡಿ, ಸಂಪಗಾವಿ, ತುರಮರಿ, ಯರಗಟ್ಟಿ ಎಂದು ಊರಿನ ಹೆಸರನ್ನೇ ಹೊತ್ತವರೂ ಇದ್ದರು. ಹೊರಗೆ ಈ ಮನೆಗಳವರು ಒಂದೇ ಜಮಖಾನೆಯ ಮೇಲೆ ಕೂಡ್ರುವುದು ಅಪರೂಪವಾಗಿತ್ತು. ಅಪ್ಪಂದಿರು ಕೂಡ್ರುತ್ತಿರಲಿಲ್ಲ, ಅವ್ವಂದಿರಂತೂ ಇಲ್ಲವೇ ಇಲ್ಲ. ಮಕ್ಕಳು ಮಾತ್ರ ಮೂರು ವರ್ಷ, ಎಂಟನೇತ್ತೆಯಿಂದ ಹತ್ತನೇತ್ತೆಯವರೆಗೆ, ಒಂದೇ ಬೆಂಚಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕೂತೆವು.

ಒಟ್ಟಿಗೆ ಕೂತ ಮಾತ್ರಕ್ಕೆ ಎಲ್ಲ ಸರಿಯಿತ್ತು ಎಂದು ಹೇಳಿದರೆ ಸುಳ್ಳಾದೀತು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಕೆಲವರು ತಾವಾಗಿಯೇ ದೂರ ಹೋಗಿ ಪಾವಟಿಗೆಯ ಮೇಲೆ ಕೂಡ್ರುತ್ತಿದ್ದರು. ಯಾರೂ ಹೋಗೆಂದು ಹೇಳುತ್ತಿರಲಿಲ್ಲ. ಮನೆಯಲ್ಲಿ, ಓಣಿಯಲ್ಲಿ ಕಲಿತು ಬಂದದ್ದನ್ನು ಹುಡುಗಿಯರು ಶಾಲೆಯಲ್ಲೂ ನಡೆಸುತ್ತಿದ್ದರು, ಅಷ್ಟೆ. ಒಂಬತ್ತನೇತ್ತೆಯಲ್ಲಿ ನಮ್ಮ ಹೊಲಿಗೆ ಅಕ್ಕೋರು ಅದನ್ನು ಬಿಡಿಸಿದರು. ಭಾಷಣ ಮಾಡಲಿಲ್ಲ. ತಮ್ಮ ಡಬ್ಬಿ ಹಿಡಿದು ಆ ಪಾವಟಿಗೆಯ ಮೇಲೆ ಹೋಗಿ ಕೂತು, ‘ಏ, ನಿಮ್ಮ ಗುರೆಳ್ಳ ಚಟ್ನಿ ಭಾಳ ಚಲೋ ಇರತೈತೆಂತ, ಕೊಡ್ರಿ ಇಲ್ಲೆ’ ಎಂದರು. ಒಂದು ವಾರ ಅಲ್ಲೇ ಉಂಡರು. ಎರಡನೆಯ ವಾರಕ್ಕೆ ಅರ್ಧ ವರ್ಗ ಪಾವಟಿಗೆಯ ಮೇಲಿತ್ತು. ಯಾರದೋ ಕಟಕ್ ರೊಟ್ಟಿ, ಯಾರದೋ ಶೇಂಗಾ ಹಿಂಡಿ, ಮತ್ಯಾರದೋ ಕೆಂಪಿಂಡಿ. ಬುತ್ತಿ ತರದವರೂ ಒಬ್ಬಿಬ್ಬರು ಇರುತ್ತಿದ್ದರು. ಅವರು ನೀರು ಕುಡಿದು ಬರುತ್ತೇವೆಂದು ಎದ್ದು ಹೋಗುವುದೂ ಆ ಗುಂಪಿನಲ್ಲಿ ನಿಂತಿತು. ಹೈಸ್ಕೂಲಿಗೆ ಬಿಸಿಯೂಟ ಬಂದದ್ದು ಇದಾದ ಎಷ್ಟೋ ವರ್ಷಗಳ ಮೇಲೆ.

ಇನ್ನೊಂದು ಭೇದ ಊರವರಿಗೂ ಹಳ್ಳಿಯವರಿಗೂ ನಡುವಿನದು. ಮೊದಲು ಹೇಳಿದ ನಾಲ್ಕೂ ಊರುಗಳಿಗೆ ಆಗ ರೈಲಿರಲಿಲ್ಲ, ಇಂದಿಗೂ ರೈಲು ಬಂದಿಲ್ಲ. ಶಾಲೆಯ ಗಂಟೆಗಿಂತ ಬಸ್ಸಿನ ವೇಳೆಯೇ ಮೇಲು. ಹಳ್ಳಿಯಲ್ಲಿ ರಾತ್ರಿ ತಂಗಿದ ವಸ್ತಿ ಬಸ್ಸು ಬೆಳಗ್ಗೆ ಆರೂವರೆಗೆ ಹೊರಟರೆ ಅದರಲ್ಲಿ ಹಾಲಿನ ಕ್ಯಾನು, ಸಂತೆಯ ಬುಟ್ಟಿ, ಕೋರ್ಟಿಗೆ ಹೋಗುವವರು, ನಡುವೆ ಪಾಟಿಚೀಲ ಹಿಡಿದ ಹುಡುಗ ಹುಡುಗಿಯರು. ಸಂಜೆ ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ಖೋ-ಖೋ ಶುರುವಾಗುವ ಹೊತ್ತಿಗೆ ಅವರೆಲ್ಲ ಸ್ಟ್ಯಾಂಡಿನತ್ತ ಓಡುತ್ತಿದ್ದರು. ನಮ್ಮ ಶಾಲೆಯ ಖೋ-ಖೋ ತಂಡದಲ್ಲಿ ಯಾವತ್ತೂ ಊರವರೇ ಇದ್ದರು. ಹಳ್ಳಿಯ ಹುಡುಗಿಯರಿಗಿಂತ ಓಟದಲ್ಲಿ ನಾವು ಮುಂದಿದ್ದೆವು ಎಂದಲ್ಲ, ನಮಗೆ ಕೊನೆಯ ಬಸ್ಸಿನ ಚಿಂತೆ ಇರಲಿಲ್ಲ. 2006ರ ಸುಮಾರಿಗೆ ಸರ್ಕಾರ ಎಂಟನೇತ್ತೆಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ, ಸಂಜೆ ಕತ್ತಲಾಗುವ ಮುನ್ನ ಗುಂಪಾಗಿ ಪೆಡಲ್ ತುಳಿಯುತ್ತ ಹಳ್ಳಿಗೆ ಹೋಗುವ ಹುಡುಗಿಯರನ್ನು ನೋಡಿ ನನಗೆ ಮೊದಲು ನೆನಪಾದದ್ದು ನಮ್ಮ ಖೋ-ಖೋ ತಂಡ.

ಹುಟ್ಟಿದ ದಿನದ ವಿಷಯವನ್ನೂ ಹೇಳಬೇಕು. ನಮ್ಮ ಬ್ಯಾಚಿನ ಮೊಬೈಲ್ ಗ್ರೂಪಿನಲ್ಲಿ ಜೂನ್ 1 ಬಂತೆಂದರೆ ಬೆಳಗಿನಿಂದ ರಾತ್ರಿಯವರೆಗೆ ಶುಭಾಶಯಗಳ ಮಳೆ. ವರ್ಗದ ಎಷ್ಟೋ ಮಂದಿ ಅದೇ ದಿನ ಹುಟ್ಟಿದವರು! ಒಂದನೇತ್ತೆಗೆ ಹೆಸರು ಹಚ್ಚುವಾಗ ಅವ್ವ ‘ಬರದ ವರ್ಷದ ಮುಂದಿನ ಸುಗ್ಗ್ಯಾಗ ಹುಟ್ಟಿದ್ದ’ ಎಂದೋ, ‘ಎಲ್ಲವ್ವನ ಜಾತ್ರಿ ಮುಗದ ಮ್ಯಾಲೆ’ ಎಂದೋ ಹೇಳುತ್ತಿದ್ದಳು. ಮಾಸ್ತರರು ಶಾಲೆಗೆ ಸೇರಲು ಬೇಕಾದಷ್ಟು ವಯಸ್ಸು ಲೆಕ್ಕ ಹಾಕಿ ಜೂನ್ ಒಂದು ಎಂದು ಬರೆಯುತ್ತಿದ್ದರು. ಅದೇ ತಾರೀಖು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಬಂತು, ನೌಕರಿಗೆ ಬಂತು, ಆಧಾರಿಗೆ ಬಂತು. ಈಗ ನಿವೃತ್ತಿಯೂ ಅದೇ ಲೆಕ್ಕಕ್ಕೆ. ತಾಯಂದಿರು ಹೇಳಿದ ಸುಗ್ಗಿ, ಜಾತ್ರೆ, ಬರ ಎಲ್ಲೂ ದಾಖಲಾಗಲಿಲ್ಲ.

ಶಾಲೆಯ ಗ್ಯಾದರಿಂಗ್ ದಿನಗಳು ಬಂದರೆ ಕಿತ್ತೂರು ಚೆನ್ನಮ್ಮನ ನಾಟಕ ಆಗಲೇಬೇಕು. ಬೈಲಹೊಂಗಲದ ಮಕ್ಕಳಿಗೆ ಚೆನ್ನಮ್ಮ ಪುಸ್ತಕದ ರಾಣಿಯಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಇಂಗ್ರೇಜರ ಅಧಿಕಾರಿ ಥ್ಯಾಕರೆ ಬಿದ್ದ. ಆ ಗೆಲುವಾದ ಸ್ವಲ್ಪ ದಿನಕ್ಕೇ ಇಂಗ್ರೇಜರು ಮತ್ತೆ ದಂಡೆತ್ತಿ ಬಂದು ಕೋಟೆ ಹಿಡಿದರು. ರಾಣಿಯನ್ನು ತಂದು ಬಂಧನದಲ್ಲಿಟ್ಟದ್ದು ನಮ್ಮೂರಲ್ಲೇ. 1829ರ ಫೆಬ್ರುವರಿ 2ರಂದು ಅವಳು ತೀರಿಕೊಂಡದ್ದೂ ಇಲ್ಲೇ, ಸಮಾಧಿಯೂ ಇಲ್ಲೇ. ಹಾಗಾಗಿ ಚೆನ್ನಮ್ಮನ ಪಾತ್ರ ಯಾರಿಗೆ ಎನ್ನುವುದು ವರ್ಗದ ದೊಡ್ಡ ಜಗಳ. ಅಮಟೂರಿನಿಂದ ಬರುವ ಹುಡುಗನಿಗೆ ಚೆನ್ನಮ್ಮನ ಬಂಟ ಅಮಟೂರ ಬಾಳಪ್ಪನ ಪಾತ್ರ ಬಿಟ್ಟು ಬೇರೆ ಕೊಟ್ಟರೆ ಅವನು ಎರಡು ದಿನ ಶಾಲೆಗೇ ಬರುತ್ತಿರಲಿಲ್ಲ. ಸಂಗೊಳ್ಳಿಯವರದು ಇನ್ನೂ ಹೆಚ್ಚಿನ ಹಕ್ಕು. ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು 1831ರ ಜನವರಿ 26, ಎರಡೂ ದಿನ ದೇಶವೇ ನಮ್ಮೂರವನಿಗಾಗಿ ಬಾವುಟ ಹಾರಿಸುತ್ತದೆ ಎಂದು ಅವರು ನಂಬಿದ್ದರು. ಥ್ಯಾಕರೆ ಆಗಲು ಯಾರೂ ಒಪ್ಪುತ್ತಿರಲಿಲ್ಲ. ಕಡೆಗೆ ನಮ್ಮ ವರ್ಗದಲ್ಲಿ ಆ ಪಾತ್ರ ಮಾಡಿದವನು ಜಿನ್ನಿನಲ್ಲಿ ಹತ್ತಿ ಅಂಡಿಗೆ ಹೊರುವ ಹಮಾಲರೊಬ್ಬರ ಮಗ. ಅವನ ಮೋಡಿಗೆ ಸಭೆಗೆ ಸಭೆಯೇ ಎದ್ದು ಕೂಗಿತ್ತು. ಈ ಹುಡುಗನ ಮಾತು ಮುಂದೆ ಬರುತ್ತದೆ.

ನೆರೆಯ ಊರುಗಳಲ್ಲಿ ಬೆಳೆದವರ ನೆನಪುಗಳು ಬೇರೆ. ರಾಮದುರ್ಗದಲ್ಲಿ ಓದಿದ ಗೆಳತಿಯೊಬ್ಬಳ ಮನೆಯಲ್ಲಿ ಮಗ್ಗವಿತ್ತು. ನಸುಕಿನಲ್ಲೆದ್ದು ಅಪ್ಪನಿಗೆ ಆ ದಿನಕ್ಕೆ ಬೇಕಾಗುವಷ್ಟು ಕಂಡಿಕಿ ಸುತ್ತಿಟ್ಟ ಮೇಲೆಯೇ ಅವಳು ಶಾಲೆಗೆ ಹೊರಡಬೇಕು. ಬಲಗೈಯಲ್ಲಿ ರಾಟಿ ತಿರುಗಿಸುತ್ತ, ಎಡಗೈ ಬೆರಳುಗಳ ನಡುವೆ ನೂಲು ಹಾಯಿಸುತ್ತ, ಮುಂದೆ ಗೋಡೆಗೆ ಆನಿಸಿಟ್ಟ ಪುಸ್ತಕದಿಂದ ಇತಿಹಾಸದ ಇಸವಿಗಳನ್ನು ಬಾಯಿಪಾಠ ಮಾಡುತ್ತಿದ್ದಳು. ನೂಲು ಕಡಿದರೆ ಗಂಟು ಹಾಕಿ ಮತ್ತೆ ಶುರು. ಅವಳ ಓಣಿಯ ಮಕ್ಕಳೆಲ್ಲರ ತೋರುಬೆರಳ ಪಕ್ಕದಲ್ಲಿ ನೂಲು ಕೊರೆದ ಸಣ್ಣ ಗೆರೆ ಇರುತ್ತಿತ್ತಂತೆ. ಪೆನ್ನು ಹಿಡಿದಾಗ ಅದೇ ಜಾಗಕ್ಕೆ ಒತ್ತುತ್ತಿತ್ತು. ಕೈಯಲ್ಲಿ ಗೆರೆ ನೋಡಿದರೆ ಸಾಕು, ಈ ಹುಡುಗ ಯಾಕೆ ತಡವಾಗಿ ಬಂದ ಎಂದು ಮಾಸ್ತರರು ಕೇಳುತ್ತಿರಲಿಲ್ಲ.

ಸವದತ್ತಿಯವರಿಗೆ ಹುಣ್ಣಿಮೆಗಳೇ ಶಾಲೆಯ ಕ್ಯಾಲೆಂಡರು. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ. ಎಲ್ಲಮ್ಮನ ಗುಡ್ಡದ ದಾರಿ ತುಂಬ ಚಕ್ಕಡಿ, ಎತ್ತಿನ ಗೆಜ್ಜೆ, ‘ಉಧೋ ಉಧೋ’ ಕೂಗು. ಭಂಡಾರ ಬಳಿದುಕೊಂಡ ಹಣೆಗಳು ಕಿಟಕಿಯಾಚೆ ಹರಿಯುತ್ತಿರುವಾಗ ಬೀಜಗಣಿತ ಯಾರ ತಲೆಗೆ ಹತ್ತೀತು? ಹೂವು-ಕಾಯಿ, ಬಳೆ, ಬೆಂಡು-ಬತ್ತಾಸಿನ ಅಂಗಡಿ ಹಾಕುವ ಮನೆಗಳ ಮಕ್ಕಳು ಆ ವಾರ ಶಾಲೆಗೇ ಬರುತ್ತಿರಲಿಲ್ಲ. ಇನ್ನು ಕೆಲವರು ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದಾಗ ಹಳೆಯ ಊರು ಬಿಟ್ಟು ಬಂದ ಮನೆಗಳವರು. ಶಾಲೆಯ ಟ್ರಿಪ್ಪಿನಲ್ಲಿ ಎಲ್ಲರೂ ಹಿನ್ನೀರಿನ ಚೆಲುವು ನೋಡುತ್ತಿದ್ದರೆ ಅವರು ಕೈ ಚಾಚಿ, ‘ಅಲ್ಲೆ ನಮ್ಮ ಹೊಲಾ ಇತ್ತಂತ’ ಎನ್ನುತ್ತಿದ್ದರಂತೆ.

ಕಿತ್ತೂರಿನಲ್ಲಿ 1969ರಿಂದ ಹೆಣ್ಣುಮಕ್ಕಳ ಸೈನಿಕ ವಸತಿ ಶಾಲೆ ಇದೆ, ಚೆನ್ನಮ್ಮನ ಹೆಸರಿನದು. ಅಲ್ಲಿ ರಾಜ್ಯದ ಬೇರೆ ಬೇರೆ ಕಡೆಯಿಂದ ಬಂದ ಹುಡುಗಿಯರು ಆರನೇತ್ತೆಯಿಂದಲೇ ಒಂದೇ ಸೂರಿನಡಿ ಇದ್ದು, ಕವಾಯತು ಮಾಡಿ, ಕುದುರೆ ಸವಾರಿ ಕಲಿತು ದೊಡ್ಡವರಾಗುತ್ತಾರೆ. ಅವರ ಗೆಳೆತನ ಅಕ್ಕ-ತಂಗಿಯರ ಗೆಳೆತನ. ಅಲ್ಲಿ ಕಲಿತವರು ದೊಡ್ಡ ದೊಡ್ಡ ಹುದ್ದೆಗಳಲ್ಲಿದ್ದಾರೆ. ಅದೇ ಊರಿನ ಸಾಮಾನ್ಯ ಹೈಸ್ಕೂಲಿನ ಹುಡುಗಿಯರು ಸಂಜೆ ಆ ಗೇಟಿನ ಮುಂದೆ ಹಾದು ಎಮ್ಮೆಗೆ ಹುಲ್ಲು ತರಲು ಹೋಗುತ್ತಿದ್ದರು. ಆರಿಸಿಕೊಂಡವರ ಶಾಲೆಗೆ ತನ್ನ ಮಕ್ಕಳ ಲೆಕ್ಕ ಇಡುವುದು ಸುಲಭ. ಬಂದವರನ್ನೆಲ್ಲ ಸೇರಿಸಿಕೊಂಡ ಶಾಲೆಯ ಕಷ್ಟವೇ ಬೇರೆ. ಎಷ್ಟು ಮಂದಿ ಬಂದರು, ಎಷ್ಟು ಮಂದಿ ನಡುವೆಯೇ ಬಿಟ್ಟರು ಎನ್ನುವುದು ಅಲ್ಲಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಸಿಗುತ್ತದೆ.

ನನ್ನ ಬೆಂಚಿನಲ್ಲಿ ಬಲಕ್ಕೆ ಕೂಡ್ರುತ್ತಿದ್ದವಳು ಹಳ್ಳಿಯಿಂದ ವಸ್ತಿ ಬಸ್ಸಿನಲ್ಲಿ ಬರುತ್ತಿದ್ದಳು. ಗಣಿತದಲ್ಲಿ ಅವಳ ಸಮ ವರ್ಗದಲ್ಲಿ ಯಾರೂ ಇರಲಿಲ್ಲ, ಹುಡುಗರೂ ಇರಲಿಲ್ಲ. ಪ್ರಮೇಯ ಬಿಡಿಸುವಾಗ ಮೊದಲು ಉತ್ತರದ ಸಾಲು ಬರೆದು, ಆಮೇಲೆ ಕೆಳಗಿನಿಂದ ಮೇಲಕ್ಕೆ ಹೆಜ್ಜೆ ಹಾಕುತ್ತ ಬರುತ್ತಿದ್ದಳು. ಮಾಸ್ತರರು ಒಮ್ಮೆ ಬೈದರು, ಇನ್ನೊಮ್ಮೆ ಸುಮ್ಮನೆ ನಿಂತು ನೋಡಿದರು, ಮೂರನೆಯ ಸಲ ‘ಹಲಗೀ ಮ್ಯಾಲೆ ಬಂದು ಎಲ್ಲಾರಿಗೂ ತೋರಸ’ ಎಂದರು. ಹತ್ತನೇತ್ತೆಯ ದಸರೆ ರಜೆಗೆ ಹೋದವಳು ಮರಳಿ ಬರಲಿಲ್ಲ. ಸೋದರಮಾವನಿಗೆ ಕೊಟ್ಟರು ಎಂದು ಅವರೂರಿನ ಹುಡುಗಿಯೊಬ್ಬಳು ಹೇಳಿದಳು. ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ಕೆಲವು ದಿನ ಗೈರು ಬಿತ್ತು, ಆಮೇಲೆ ಕೆಂಪು ಶಾಯಿಯ ಗೆರೆ ಬಿತ್ತು. ಆ ವರ್ಷ ನಮ್ಮ ವರ್ಗದಲ್ಲಿ ಹಾಗೆ ಗೆರೆ ಬಿದ್ದದ್ದು ಅವಳೊಬ್ಬಳದೇ ಹೆಸರಿಗಲ್ಲ.

ಉಳಿದವರು ಪರೀಕ್ಷೆಯ ತಯಾರಿಗೆ ಬಿದ್ದೆವು. ಜನವರಿ ಬಂತೆಂದರೆ ಹುಡುಗರು ಕೌದಿ, ಕಂದೀಲು ಹೊತ್ತುಕೊಂಡು ಬಂದು ಶಾಲೆಯಲ್ಲೇ ಮಲಗುತ್ತಿದ್ದರು. ರಾತ್ರಿ ಹನ್ನೊಂದಕ್ಕೆ ಮಾಸ್ತರರು ಬ್ಯಾಟರಿ ಹಿಡಿದು ಒಂದು ಸುತ್ತು ಬರುವರು. ನಸುಕಿನ ನಾಲ್ಕಕ್ಕೆ ಸಿಪಾಯಿ ಗಂಟೆ ಬಾರಿಸಿ ಎಬ್ಬಿಸುವನು. ಅದಕ್ಕೆ ಯಾರೂ ಅವರಿಗೆ ಸಂಬಳ ಕೊಡುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಹಿಂದೆ ಬಿದ್ದವರಿಗೆ ಮಾಸ್ತರರ ಮನೆಯ ಪಡಸಾಲೆಯೇ ವರ್ಗ, ಅವರ ಮನೆಯವರು ಮಾಡಿಕೊಡುತ್ತಿದ್ದ ಚಹಾವೇ ಫೀಸು. ಹುಡುಗಿಯರಿಗೆ ರಾತ್ರಿ ಶಾಲೆಯಿರಲಿಲ್ಲ. ನಾವು ಓಣಿಯ ಒಂದೊಂದು ಮನೆಯಲ್ಲಿ ಸೇರಿ ಓದಿದೆವು. ಹಳ್ಳಿಯ ಹುಡುಗಿಯರಿಗೆ ಅದೂ ಇಲ್ಲ.

ಫಲಿತಾಂಶದ ದಿನವನ್ನು ಆ ಕಾಲದವರು ಮರೆಯಲಾರರು. ಪತ್ರಿಕೆಯಲ್ಲಿ ನಂಬರುಗಳಷ್ಟೇ ಅಚ್ಚಾಗುತ್ತಿದ್ದವು. ಬಸ್ ಸ್ಟ್ಯಾಂಡಿನಲ್ಲಿ ಪೇಪರಿನ ಕಟ್ಟು ಇಳಿದ ಕೂಡಲೇ ಹತ್ತಾರು ಕೈಗಳು. ಬಲ್ಲವನೊಬ್ಬ ಕಟ್ಟೆಯ ಮೇಲೆ ಪೇಪರು ಹಾಸಿ, ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ಇಳಿಸುತ್ತ ಹೋಗುವನು. ಒಂದು ನಂಬರಿಗೂ ಮುಂದಿನದಕ್ಕೂ ನಡುವೆ ಜಾಗ ಬಿಟ್ಟಿದ್ದರೆ ಆ ಜಾಗದಲ್ಲಿ ಒಬ್ಬ ಹುಡುಗ ಇದ್ದಾನೆ. ಥ್ಯಾಕರೆಯ ಪಾತ್ರ ಮಾಡಿದವನ ನಂಬರು ಅಂಥ ಜಾಗದಲ್ಲಿತ್ತು. ಇಂಗ್ಲಿಷ್ ಒಂದೇ ಹೋಗಿದ್ದದ್ದು. ಅಕ್ಟೋಬರಿನಲ್ಲಿ ಕಟ್ಟುತ್ತೇನೆಂದ. ಅಷ್ಟರಲ್ಲಿ ಅವರಪ್ಪನಿಗೆ ಬೆನ್ನು ಹಿಡಿಯಿತು, ಅಂಡಿಗೆ ಹೊರಲು ಇವನೇ ಹೋದ.

ಅಲ್ಲಿಂದ ವರ್ಗ ಚೆದುರಿತು. ಕೆಲವರು ಧಾರವಾಡ, ಬೆಳಗಾವಿಯ ಕಾಲೇಜುಗಳಿಗೆ. ಕೆಲವರು ಟಿಸಿಎಚ್ ಮಾಡಿ ಮಾಸ್ತರರಾದರು. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲೇ ಇರುವುದರಿಂದ ಭರ್ತಿಗೆ ಓಡಿ ಸೈನ್ಯ ಸೇರಿದವರೂ ಇದ್ದಾರೆ. ಗೋವಾದ ಕಟ್ಟಡ ಕೆಲಸಕ್ಕೆ, ಇಚಲಕರಂಜಿಯ ಮಗ್ಗಗಳಿಗೆ, ಬೆಳಗಾವಿಯ ಫೌಂಡ್ರಿಗಳಿಗೆ ಹೋದವರು ಬಹಳ. ಊರಲ್ಲೇ ಉಳಿದು ಕಮ್ಮತ ಮಾಡಿದವರು ಇನ್ನೂ ಬಹಳ.

ಮೂವತ್ತು ವರ್ಷ ತುಂಬಿದ ಹೊತ್ತಿಗೆ ನಮ್ಮ ಬ್ಯಾಚಿನಲ್ಲೂ ಗುರುವಂದನೆಯ ಮಾತು ಬಂತು. ಮುಂದಾಳುಗಳು ಹುರುಪಿನಿಂದ ಹೆಸರಿನ ಪಟ್ಟಿ ಮಾಡಿದರು. ಎಲ್ಲಿಂದ? ಶಾಲೆಯಲ್ಲಿ ಸಿಕ್ಕಿದ್ದು ಆ ವರ್ಷ ಪಾಸಾದವರ ಪಟ್ಟಿ. ಅದರ ಪ್ರಕಾರ ಫೋನು ಹೋದವು, ವಂತಿಗೆ ಬಂತು. ಹಮಾಲನಾದ ಗೆಳೆಯ ಅದೇ ಊರಲ್ಲಿದ್ದ, ದಿನಾ ಬೆಳಗ್ಗೆ ಎಪಿಎಂಸಿಯ ಮುಂದೆ ಕಣ್ಣಿಗೆ ಬೀಳುವಷ್ಟು ಹತ್ತಿರ. ಯಾರೋ ಅವನನ್ನು ಕಂಡು, ‘ಲೇ, ನೀ ಯಾಕ ಗ್ರೂಪಿನ್ಯಾಗಿಲ್ಲ?’ ಎಂದಾಗ ಅವನು ಹೇಳಿದ್ದು:

‘ನಾ ಪಾಸ ಆಗಿಲ್ಲಲ್ಲೋ. ಪಾಸಾದವ್ರು ಸೇರತೀರಿ, ಅಲ್ಲೇನೈತಿ ನಂದು?’

ಗ್ರೂಪಿನಲ್ಲಿ ಈ ಮಾತು ಬಂದ ದಿನ ಬಹಳ ಹೊತ್ತು ಯಾರೂ ಏನೂ ಬರೆಯಲಿಲ್ಲ. ಆಮೇಲೆ ಒಬ್ಬರು ಕೇಳಿದರು, ಮೂರು ವರ್ಷ ನಮ್ಮ ಜೊತೆ ಕೂತವರೆಲ್ಲ ಯಾರು ಯಾರು? ಯಾರಿಗೂ ಪೂರ್ತಿ ಹೇಳಲಾಗಲಿಲ್ಲ. ಎಂಟನೇತ್ತೆಯ ಹಾಜರಿ ಪುಸ್ತಕ ಹುಡುಕಬೇಕೆಂದು ಅಲ್ಲಿ ತೀರ್ಮಾನವಾಯಿತು.

ಹಳೆಯ ಶಾಲೆಗಳಲ್ಲಿ ಇಂಥ ಪುಸ್ತಕಗಳು ಟ್ರಂಕುಗಳಲ್ಲಿ, ಕಪಾಟಿನ ಮೇಲಿನ ಗಂಟುಗಳಲ್ಲಿ ಇರುತ್ತವೆ. ಅಂಚು ಗೆದ್ದಲು ತಿಂದಿದ್ದರೂ ಹೆಸರುಗಳು ಓದಲು ಬರುತ್ತವೆ. ನಮ್ಮದೂ ಸಿಕ್ಕಿತು. ಹತ್ತನೇತ್ತೆಯ ಪಾಸಾದವರ ಪಟ್ಟಿಗೂ ಎಂಟನೇತ್ತೆಯ ಹಾಜರಿಗೂ ಇದ್ದ ಅಂತರ ನೋಡಿದ ಮೇಲೆ, ಬರೀ ಪಟ್ಟಿಯನ್ನೇ ಹಿಡಿದು ಸಮಾರಂಭ ಮಾಡುವುದು ನಮ್ಮಲ್ಲಿ ಯಾರಿಗೂ ಸಾಧ್ಯವಿರಲಿಲ್ಲ. ಗಂಡುಮಕ್ಕಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಊರಿನ ಕಟ್ಟೆಯ ಮೇಲೆ ಕೇಳಿದರೆ ಸಾಕು, ‘ಅವಾ ಸಾಂಗ್ಲಿ ಕಡೆ ಅದಾನ, ಅವನ ಅಳ್ಯಾನ ನಂಬರ್ ತಗೋರಿ’ ಎಂದು ದಾರಿ ತೋರಿಸುತ್ತಾರೆ. ಹೆಣ್ಣುಮಕ್ಕಳನ್ನು ಹುಡುಕುವುದು ಬೇರೆಯೇ ಕೆಲಸ. ಮದುವೆಯಾದ ಮೇಲೆ ತಂದೆಯ ಹೆಸರು ಹೋಗಿ ಗಂಡನ ಹೆಸರು ಬಂತು, ಅಡ್ಡಹೆಸರು ಬದಲಾಯಿತು, ಕೆಲವರಿಗೆ ಕರೆಯುವ ಹೆಸರೇ ಬದಲಾಯಿತು. ಅವರನ್ನು ಹುಡುಕಲು ಒಂದೇ ದಾರಿ ತವರುಮನೆ. ನಾವು ಮೂವರು ಗೆಳತಿಯರು ಸೇರಿ ಹಳ್ಳಿಗಳಿಗೆ ಹೋದೆವು. ಬಾಗಿಲಲ್ಲಿ ನಿಂತು ‘ನಿಮ್ಮ ಮಗಳ ಸಾಲಿ ಗೆಳತ್ಯಾರ್ರೀ’ ಎಂದರೆ ಮುದಿ ತಾಯಂದಿರು ಮೊದಲು ಗಾಬರಿಯಾಗುತ್ತಿದ್ದರು, ಆಮೇಲೆ ಕೈಹಿಡಿದು ಒಳಗೆ ಕರೆದೊಯ್ಯುತ್ತಿದ್ದರು.

ನನ್ನ ಬೆಂಚಿನವಳು ಸಿಕ್ಕಳು. ರಾಮದುರ್ಗ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಯ ಊರೊಂದರಲ್ಲಿ ಇದ್ದಳು. 2019ರ ಆಗಸ್ಟಿನ ಮಹಾಪೂರದಲ್ಲಿ ಮನೆಯ ಎರಡು ಗೋಡೆ ಬಿದ್ದಿದ್ದವು. ಪರಿಹಾರದ ಕಾಗದಗಳನ್ನು ಅವಳು ಒಬ್ಬಳೇ ಓಡಾಡಿ ಮಾಡಿಸಿಕೊಂಡಿದ್ದಳು, ತನ್ನದಷ್ಟೇ ಅಲ್ಲ, ಓಣಿಯ ಹಲವರದೂ. ಊರಿನ ಸ್ವಸಹಾಯ ಸಂಘದ ಲೆಕ್ಕ ಬರೆಯುವವಳೂ ಅವಳೇ. ಬಡ್ಡಿಯ ಲೆಕ್ಕ ಹೇಗೆ ಮಾಡುತ್ತೀ ಎಂದು ಕೇಳಿದೆ. ಪುಸ್ತಕ ತೆರೆದು ತೋರಿಸಿದಳು: ಮೊದಲು ಕೊನೆಯ ಮೊತ್ತ, ಆಮೇಲೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಕಂತು.

‘ಬಾರವಾ’ ಎಂದು ಕರೆದರೆ ಅವಳ ಉತ್ತರ ಖಡಾಖಂಡಿತ. ‘ಕಾರ್ತೀಕದಾಗ ನಾ ಹ್ಯಾಂಗ ಬರ್ಲಿ? ಆಗ ಹೊಲದ ಕೆಲಸಾ ಇರತೈತಿ. ಬಂದ್ರ ರಾತ್ರಿ ಎಲ್ಲಿ ಇರ್ಲಿ? ನನಗ ತವರೀಗೆ ಹೋಗಾಕ ಮನ್ಯಾಗ ಕೇಳದ ಬಿಡೂದು ಪಂಚಮೀಗೆ ಒಂದಽ.’

ಹುಡುಕಿದ ಹೆಣ್ಣುಮಕ್ಕಳಲ್ಲಿ ಬಹಳ ಮಂದಿಯ ಮಾತು ಹೆಚ್ಚುಕಡಿಮೆ ಇದೇ ಆಗಿತ್ತು. ಗುರುವಂದನೆಯ ತಾರೀಖುಗಳನ್ನೆಲ್ಲ ನೌಕರಿಯಲ್ಲಿರುವವರ ರಜೆ ನೋಡಿ ಇಡುತ್ತಾರೆ. ಬೆಂಗಳೂರು, ಪುಣೆಯಿಂದ ಬರುವವರಿಗೆ ಅನುಕೂಲವಾಗಲಿ ಎಂದು ದೀಪಾವಳಿಯ ಆಚೀಚೆ, ಇಲ್ಲವೇ ಮೇ ತಿಂಗಳು. ಮನೆ, ಹೊಲ, ದನ, ಅತ್ತೆ-ಮಾವ ಬಿಟ್ಟು ಬರಬೇಕಾದವಳ ರಜೆಯನ್ನು ಯಾರೂ ನೋಡುವುದಿಲ್ಲ. ಹೆಣ್ಣುಮಕ್ಕಳು ಬರುವುದೇ ಇಲ್ಲ, ಅವರಿಗೆ ಆಸಕ್ತಿ ಇಲ್ಲ ಎಂದು ಎಷ್ಟೋ ಬ್ಯಾಚಿನವರು ಹೇಳುವುದನ್ನು ಕೇಳಿದ್ದೇನೆ. ಆ ಮಾತು ಸರಿಯಲ್ಲ. ಅವರನ್ನು ಕರೆಯುವ ತಾರೀಖು ಸರಿಯಿಲ್ಲ.

ನಮ್ಮಲ್ಲಿ ಇದಕ್ಕೆ ಜಗಳವೇ ಆಯಿತು. ಶ್ರಾವಣದಲ್ಲಿ ಮಳೆ, ಶಾಮಿಯಾನ ಹಾಕುವುದು ಹೇಗೆ, ರಜೆ ಸಿಗುವುದಿಲ್ಲ ಎಂದು ಕೆಲವರು ಗ್ರೂಪು ಬಿಟ್ಟೇ ಹೋದರು. ಕಡೆಗೆ ನಾಗರ ಪಂಚಮಿ ಮುಗಿದ ಮರುದಿನ ಎಂದು ಗೊತ್ತಾಯಿತು. ಶಾಮಿಯಾನ ಬೇಡ, ಟ್ರ್ಯಾಕ್ಟರಿನ ಮೆರವಣಿಗೆ ಬೇಡ, ಶಾಲೆಯ ವರ್ಗಕೋಣೆಯೇ ಸಾಕು ಎಂದು ಗುರುಗಳೇ ಹೇಳಿದ್ದರಿಂದ ಮಳೆಯ ಚಿಂತೆಯೂ ಕಳೆಯಿತು.

ಆ ದಿನ ಹೆಣ್ಣುಮಕ್ಕಳ ಬೆಂಚುಗಳು ತುಂಬಿ, ಕೆಲವರು ಗಂಡುಮಕ್ಕಳ ಕಡೆಯ ಸಾಲಿಗೆ ಹೋಗಿ ಕೂಡ್ರಬೇಕಾಯಿತು. ಮನೆಯಿಂದ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಕಟ್ಟಿಕೊಂಡು ಬಂದಿದ್ದರು. ಹೊಲಿಗೆ ಅಕ್ಕೋರು ಈಗಿಲ್ಲ. ನಾಲ್ಕು ಗಂಟೆಗೆ ಎಬ್ಬಿಸುತ್ತಿದ್ದ ಸಿಪಾಯಿ ಇದ್ದರು, ಅವರಿಗೂ ಗುರುಗಳ ಸಾಲಿನಲ್ಲೇ ಕುರ್ಚಿ ಹಾಕಿದೆವು, ಅದೇ ಶಾಲು, ಅದೇ ಹಾರ. ಗಣಿತದ ಮಾಸ್ತರರು ಎಂಟನೇತ್ತೆಯ ಹಾಜರಿ ಪುಸ್ತಕ ತೆರೆದು ಒಂದನೆಯ ನಂಬರಿನಿಂದ ಕರೆಯುತ್ತ ಬಂದರು. ತೀರಿಕೊಂಡವರ ಹೆಸರು ಬಂದಾಗ ಅವರೂರಿನವರು ಎದ್ದು ಹೇಳಿದರು. ಕೆಂಪು ಗೆರೆ ಬಿದ್ದ ಹೆಸರುಗಳನ್ನೂ ಬಿಡದೆ ಕರೆದರು. ಹಮಾಲ ಗೆಳೆಯ ಕೆಲಸದ ಅಂಗಿಯಲ್ಲೇ ಬಂದಿದ್ದ, ಮಧ್ಯಾಹ್ನದ ಲೋಡಿಗೆ ಹೋಗಬೇಕೆಂದು ಅವಸರದಲ್ಲಿದ್ದ. ಥ್ಯಾಕರೆಯ ಮಾತು ಒಂದಾದರೂ ಹೇಳಲೇಬೇಕೆಂದು ಎಲ್ಲರೂ ಹಿಡಿದು ನಿಲ್ಲಿಸಿದರು. ಒಂದಲ್ಲ, ಇಡೀ ಪ್ರವೇಶವನ್ನೇ ಹೇಳಿ ಹೋದ.

ಊಟದ ಹೊತ್ತಿಗೆ ಮುಂದಿನ ವರ್ಷದ ಮಾತು ಬಂತು. ಮತ್ತೆ ಇಲ್ಲೇ ಸೇರೋಣ, ಬಸ್ಸಿಗೆ ಅನುಕೂಲ ಎಂದರು ಊರವರು. ನನ್ನ ಬೆಂಚಿನವಳು ಒಪ್ಪಲಿಲ್ಲ. ‘ಮೂರು ವರ್ಷ ನಾವು ಬಸ್ಸಿನ್ಯಾಗ ಬಂದೀವಿ. ಇನ್ನ ನೀವು ಬರ್ರಿ. ನಮ್ಮವ್ವನ ಊರಿಗೆ ಸಂಜೀಕ ಒಂದು ವಸ್ತಿ ಬಸ್ಸೈತಿ, ಮುಂಜಾನಿ ಆರೂವರಿಗೆ ಹೊಳ್ಳಿ ಹೊಕ್ಕೈತಿ. ರಾತ್ರಿ ಎಲ್ಲಾರೂ ಅಲ್ಲೇ ಇರ್ರಿ, ಜೋಕಾಲಿ ಕಟ್ಟಿಸೇನಿ’ ಎಂದಳು. ವಂತಿಗೆಯ ಲೆಕ್ಕದ ಪುಸ್ತಕವನ್ನು ಅಲ್ಲೇ ಅವಳ ಕೈಗೆ ಕೊಟ್ಟೆವು.